ದುಂಡಗಿರುವುದೆಲ್ಲ ಉಲ್ಕೆಯ ಕುಳಿಯಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೂ ರೆಸಿಡೆನ್ಸಿಯ ದಿನಗಳಲ್ಲಿ ನಾವು ಒಮ್ಮೆ ಎಕ್ಸ್‌ರೇಯಲ್ಲಿ ಶ್ವಾಸಕೋಶದ ದುಂಡು ನೆರಳೊಂದನ್ನು ನೋಡಿ ಕ್ಯಾನ್ಸರ್ ಇರಬೇಕೆಂದು ಹೇಳಿ, ಒಂದು ಕುಟುಂಬವನ್ನೇ ಕಣ್ಣೀರಿಡಿಸಿದೆವು. ಬಯಾಪ್ಸಿಯಲ್ಲಿ ಅದು ಹಳೆಯ ಕ್ಷಯದ ಕಲೆ ಎಂದು ತಿಳಿಯಿತು. ಆಕಾಶದಿಂದ ಭೂಮಿಯನ್ನು ನೋಡಿ ಉಲ್ಕೆಯ ಕುಳಿಗಳನ್ನು ಹುಡುಕುವವರ ಚರಿತ್ರೆಯೂ ಇಂಥದೇ.

1965ರ ಜೂನ್ ತಿಂಗಳಲ್ಲಿ ಜೆಮಿನಿ-4 ನೌಕೆಯ ಅಮೆರಿಕನ್ ಗಗನಯಾತ್ರಿಗಳು ಸಹಾರಾ ಮರುಭೂಮಿಯ ಫೋಟೋ ತೆಗೆದರು. ಅದರಲ್ಲಿ ಮಾರಿಟೇನಿಯ ದೇಶದ ರಿಷಾತ್ ಎಂಬಲ್ಲಿ ಸುಮಾರು 40 ಕಿಲೋಮೀಟರ್ ಅಗಲದ, ಬಳೆಯೊಳಗೆ ಬಳೆಯಿಟ್ಟಂಥ ಉಂಗುರಗಳು ಕಂಡವು. ಉಲ್ಕೆ ಬಿದ್ದ ಗುರುತೇ ಇರಬೇಕೆಂದು ಹಲವರು ಬಗೆದರು. ಅಲ್ಲಿನ ಶಿಲೆಯಲ್ಲಿ ಕೋಸೈಟ್ ಸಿಕ್ಕಿದೆ ಎಂಬ ವರದಿಯೂ ಆ ಸುಮಾರಿಗೆ ಬಂದಿತ್ತು. ಕೋಸೈಟ್ ಎಂದರೆ ಅಪಾರ ಒತ್ತಡದಲ್ಲಿ ಉಂಟಾಗುವ, ಬೆಣಚುಕಲ್ಲಿನ ಇನ್ನೊಂದು ರೂಪ. 1960ರಲ್ಲಿ ಅರಿಜೋನಾದ ಉಲ್ಕಾಕುಳಿಯಲ್ಲಿ ಅದು ದೊರೆತ ಮೇಲೆ ಉಲ್ಕಾಘಾತಕ್ಕೆ ಸಾಕ್ಷಿಯೆನಿಸಿತ್ತು.

1969ರಲ್ಲಿ ಮರುಪರೀಕ್ಷೆಯಾಯಿತು. ರಿಷಾತ್‌ನ ಕೋಸೈಟ್ ಕೋಸೈಟೇ ಅಲ್ಲ, ಬೆರೈಟ್! ಬೆರೈಟ್ ಎಂದರೆ ಬೇರಿಯಂ ಸಲ್ಫೇಟ್. ಹೊಟ್ಟೆಯ ಎಕ್ಸ್‌ರೇಗೆ ಮುಂಚೆ ನಾವು ರೋಗಿಗಳಿಗೆ ಕುಡಿಸುವ ಬಿಳಿಯ ವಸ್ತು. ಆಘಾತದ ಬೇರೆ ಗುರುತೂ ಅಲ್ಲಿ ಸಿಗಲಿಲ್ಲ. ಗುಮ್ಮಟದಂತೆ ಮೇಲೆ ಉಬ್ಬಿದ ಶಿಲಾಪದರಗಳು ಕಾಲಾಂತರದಲ್ಲಿ ಸವೆದು ಉಂಗುರಗಳಾಗಿ ಕಾಣುತ್ತಿದ್ದವು, ಅಷ್ಟೆ. ಇಲ್ಲಿ ನೆರಳು ಮಾತ್ರವಲ್ಲ, ಬಯಾಪ್ಸಿಯ ಮೊದಲ ವರದಿಯೂ ತಪ್ಪಿತ್ತು.

ಹಾಗೆಂದು ಚಿತ್ರವನ್ನು ಹೀಗಳೆಯಬಾರದು. 2008ರಲ್ಲಿ ಮಿಲಾನಿನ ವಸ್ತುಸಂಗ್ರಹಾಲಯದ ಮಾಜಿ ಕ್ಯೂರೇಟರ್ ವಿಂಚೆನ್ಜೊ ದೆ ಮಿಕೇಲೆ ಗೂಗಲ್ ಅರ್ಥ್‌ನಲ್ಲಿ ಈಜಿಪ್ಟಿನ ದಕ್ಷಿಣದ ಮರುಭೂಮಿಯನ್ನು ನೋಡುತ್ತಿದ್ದಾಗ ಒಂದು ಪುಟ್ಟ ಕುಳಿ ಕಣ್ಣಿಗೆ ಬಿತ್ತು. ಅಗಲ ಬರೀ 45 ಮೀಟರ್. ಅವರು ಅದನ್ನು ತಜ್ಞರಿಗೆ ತಿಳಿಸಿದರು. 2010ರ ಫೆಬ್ರವರಿಯಲ್ಲಿ ಇಟಲಿ ಮತ್ತು ಈಜಿಪ್ಟಿನ ವಿಜ್ಞಾನಿಗಳು ಅಲ್ಲಿಗೇ ಹೋಗಿ, ಕುಳಿಯ ಸುತ್ತ ಚದುರಿದ್ದ ಉಲ್ಕೆಯ ಕಬ್ಬಿಣದ ಸಾವಿರಾರು ಚೂರುಗಳನ್ನು ಆಯ್ದರು. ಕಮಿಲ್ ಕುಳಿಯ ಬಗ್ಗೆ ಸಂಶಯವೇ ಉಳಿಯಲಿಲ್ಲ.

ಎರಡು ಕಡೆಯೂ ಚಿತ್ರ ತೋರಿಸಿದ್ದು ಒಂದು ದುಂಡು ಆಕಾರವನ್ನು ಮಾತ್ರ. ತೀರ್ಪು ಕೊಟ್ಟದ್ದು ನೆಲದ ಮೇಲಿನ ಕಲ್ಲು. ನಮ್ಮ ಮಕ್ಕಳು ಕಂಪ್ಯೂಟರಿನಲ್ಲಿ ದುಂಡು ಕುಳಿ ಕಂಡು ಕುಣಿದರೆ ಖಂಡಿತ ಬೆನ್ನು ತಟ್ಟೋಣ. ಜೊತೆಗೆ 'ಅನುಮಾನ' ಎಂದು ಬರೆದಿಡುವುದನ್ನೂ ಕಲಿಸೋಣ. ಆ ಒಂದು ಪದವನ್ನು ಅಂದು ಬಳಸಿದ್ದರೆ, ನಾವು ಆ ಮನೆಯವರನ್ನು ಅಷ್ಟು ನೋಯಿಸುತ್ತಿರಲಿಲ್ಲ.