ಒಂದು ರೂಪಾಯಿಯ ಒಡಂಬಡಿಕೆಗಳು

ಮಲೆಯಾಳದ ವೃತ್ತಪತ್ರಿಕೆಯನ್ನೂ ಕನ್ನಡದ ವೃತ್ತಪತ್ರಿಕೆಯನ್ನೂ ಒಂದೇ ಜಗಲಿಯಲ್ಲಿ ಕುಳಿತು ಓದುವ ಅಭ್ಯಾಸವು ಕಾಸರಗೋಡಿನ ಕನ್ನಡಿಗರಾದ ನಮಗೆ 1956ರಿಂದೀಚೆಗೆ ಬಂದುದಾಗಿದೆ. ನಾವಾಗಿ ಬಯಸಿ ಪಡೆದ ಅಭ್ಯಾಸವು ಇದಲ್ಲವಾದರೂ ಇದರಿಂದ ಒಂದು ಪ್ರಯೋಜನವುಂಟು. ಗಡಿಯ ಎರಡು ಕಡೆಗಳಲ್ಲಿ ಬೇರೆ ಬೇರೆಯಾಗಿ ನಡೆದಂತೆ ತೋರುವ ಸಂಗತಿಗಳು ಒಂದೇ ಕಥೆಯ ಎರಡು ಅಧ್ಯಾಯಗಳೆಂಬುದು ನಮಗೆ ಬೇಗನೆ ಗೋಚರವಾಗುತ್ತದೆ. ಕಲ್ಲಿಕೋಟೆಯ ಬಳಿಯ ಮಾವೂರಿನಲ್ಲಿ ಬಿದಿರಿಗಾಗಿಯೂ, ತುಂಗಭದ್ರೆಯ ದಡದ ಕುಮಾರಪಟ್ಟಣಂನಲ್ಲಿ ನೀಲಗಿರಿ ಮರಕ್ಕಾಗಿಯೂ ನಡೆದ ವ್ಯವಹಾರವು ಅಂಥದು. ಎರಡು ಕಾರಖಾನೆಗಳ ಒಡೆತನವೂ ಒಂದೇ. ಆಗ ಗ್ವಾಲಿಯರ್ ರೇಯಾನ್ಸ್ ಎಂದೂ ಅನಂತರ ಗ್ರಾಸಿಂ ಎಂದೂ ಕರೆಯಲ್ಪಟ್ಟ, ಬಿರ್ಲಾ ಮನೆತನದ ಕಂಪನಿಯದು. ಕಾಡನ್ನು ಆಶ್ರಯಿಸಿ ಬಾಳುವ ಒಂದು ಕಂಪನಿಯು ಕೊಟ್ಟ ಮಾತುಗಳಾವುವು, ಜನರ ಆಕ್ಷೇಪಣೆಗಳಿಗೆ ಅದೂ ಅದರ ಬೆನ್ನಿಗಿದ್ದ ಸರಕಾರಗಳೂ ಕೊಟ್ಟ ಉತ್ತರಗಳಾವುವು ಎಂಬುದನ್ನು ವಾಚಕರ ಮುಂದಿಡುವುದು ನಮ್ಮ ಉದ್ದೇಶ.

ಮಾತಿಗೆ ಮೊದಲು ಮಾತಿನ ಮೂಲವನ್ನು ನೋಡಬೇಕು. ಕಾಡಿನಿಂದ ವರ್ಷಂಪ್ರತಿ ಬೆಳೆದಷ್ಟನ್ನೇ ಕಡಿಯತಕ್ಕದ್ದು, ಅಸಲಿಗೆ ಕೈಹಾಕದೆ ಬಡ್ಡಿಯಲ್ಲಿ ಬಾಳತಕ್ಕದ್ದು ಎಂಬ ತತ್ತ್ವವನ್ನು 1713ರಷ್ಟು ಹಿಂದೆಯೇ ಸ್ಯಾಕ್ಸನಿಯ ಗಣಿ ಅಧಿಕಾರಿಯಾದ ಹಾನ್ಸ್ ಕಾರ್ಲ್ ಫಾನ್ ಕಾರ್ಲೋವಿಟ್ಸ್ ಎಂಬಾತನು ಗ್ರಂಥರೂಪದಲ್ಲಿ ಪ್ರತಿಪಾದಿಸಿದನು. ಬೆಳ್ಳಿಯ ಗಣಿಗಳ ಕುಲುಮೆಗೆ ಸೌದೆ ಸಾಲದೆ ಹೋದುದೇ ಅದಕ್ಕೆ ಕಾರಣ. ಆ ಜರ್ಮನ್ ವಿದ್ಯೆಯನ್ನು ಭಾರತಕ್ಕೆ ತಂದವನು 1864ರಲ್ಲಿ ಇಲ್ಲಿನ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥನಾದ ಡೀಟ್ರಿಚ್ ಬ್ರಾಂಡಿಸ್. ಅಂದಿನಿಂದ ನಮ್ಮ ಪ್ರತಿಯೊಂದು ಸರಕಾರಿ ಕಾಡಿಗೂ ಒಂದು ಕಾರ್ಯಯೋಜನೆಯು ಬರೆಯಲ್ಪಡುತ್ತ ಬಂದಿದೆ. ತತ್ತ್ವದಲ್ಲಿ ದೋಷವಿಲ್ಲ. ಆದರೆ ಬಡ್ಡಿ ಎಷ್ಟೆಂದು ಎಣಿಸುವವರು ಯಾರು, ಆ ಬಡ್ಡಿಯು ಯಾರ ಮನೆಗೆ ಹೋಗುತ್ತದೆ ಎಂಬ ಎರಡು ಪ್ರಶ್ನೆಗಳಿಗೆ ತತ್ತ್ವದಲ್ಲಿ ಉತ್ತರವಿರಲಿಲ್ಲ. ಸ್ವತಂತ್ರ ಭಾರತದ 1952ರ ಅರಣ್ಯನೀತಿಯಾದರೋ, ಊರೊಂದು ಕಾಡಿನ ಮಗ್ಗುಲಲ್ಲಿದೆಯೆಂಬ ಮಾತ್ರಕ್ಕೆ ರಾಷ್ಟ್ರದ ಹಿತಕ್ಕೆ ಅಡ್ಡಿ ಬರಲಾಗದೆಂದು ಸಾರಿತು. ರಾಷ್ಟ್ರದ ಹಿತವೆಂದರೆ ಆಗಿನ ಎಣಿಕೆಯಲ್ಲಿ ಬಹುಮಟ್ಟಿಗೆ ಕಾರಖಾನೆಯ ಹಿತವೇ ಆಗಿದ್ದಿತು.

ಕಂಪನಿಯು 1954ರಲ್ಲಿ ಮಧ್ಯಪ್ರದೇಶದ ನಾಗದಾದಲ್ಲಿ ಕೃತಕ ನಾರನ್ನು ತಯಾರಿಸತೊಡಗಿತು. ಅದಕ್ಕೆ ಬೇಕಾದ ಮರದ ತಿರುಳು ಹೊರದೇಶಗಳಿಂದ ಬರಬೇಕಾಗಿದ್ದಿತು. ಕೇರಳದಲ್ಲಿ 1957ರಲ್ಲಿ ಅಧಿಕಾರಕ್ಕೆ ಬಂದ ಇ. ಎಂ. ಎಸ್. ನಂಬೂದಿರಿಪಾಡರ ಸರಕಾರಕ್ಕೆ ಉದ್ಯಮಗಳು ಬೇಕಾಗಿದ್ದವು. ಎರಡು ಅಗತ್ಯಗಳೂ ಕೂಡಿ 1958ರಲ್ಲಿ ಒಡಂಬಡಿಕೆಯಾಯಿತು. ನಿಲಂಬೂರು, ವಯನಾಡುಗಳ ಕಾಡಿನ ಬಿದಿರನ್ನು ಟನ್ನಿಗೆ ಒಂದು ರೂಪಾಯಿಯಂತೆ ಕಂಪನಿಗೆ ಕೊಡುವುದಾಗಿ ಸರಕಾರವು ಒಪ್ಪಿತು. ಬುಟ್ಟಿ ಹೆಣೆದು ಹೊಟ್ಟೆ ಹೊರೆಯುವವನಿಗೆ ಈ ಧಾರಣೆ ಇರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಕಮ್ಯುನಿಸ್ಟ್ ಸರಕಾರವೂ ಬಂಡವಳಿಗರ ಕಂಪನಿಯೂ ಇಷ್ಟು ಸಲೀಸಾಗಿ ಕೈಕುಲುಕಿದುದನ್ನು ಕಂಡು ಇಂದು ನಗುವವರಿದ್ದಾರೆ. ಆ ಕಾಲದಲ್ಲಿ ಉದ್ಯೋಗವಿಲ್ಲದ ಯುವಕರ ಸಂಖ್ಯೆಯನ್ನು ನೆನೆದರೆ ನಮಗೆ ನಗು ಬಾರದು. 1963ರಲ್ಲಿ ಮಾವೂರಿನ ಕಾರಖಾನೆಯು ಕೆಲಸ ಮಾಡತೊಡಗಿತು; ಸಾವಿರಾರು ಮನೆಗಳಲ್ಲಿ ಒಲೆ ಉರಿಯಿತು. ಕಂಪನಿಯು ನಿಲಂಬೂರು ಕೋವಿಲಕದಿಂದ 30,000 ಎಕರೆ ಖಾಸಗಿ ಕಾಡನ್ನೂ ಕೊಂಡುಕೊಂಡಿತು. ಖಾಸಗಿ ಕಾಡುಗಳನ್ನು ಸರಕಾರಕ್ಕೆ ಸೇರಿಸಿದ ಕೇರಳದ 1971ರ ಶಾಸನದಿಂದ ಅದು ಕೈತಪ್ಪಿತು. ಕಂಪನಿಯು ವ್ಯಾಜ್ಯ ಹೂಡಿದರೂ 1973ರಲ್ಲಿ ಸುಪ್ರೀಂ ಕೋರ್ಟು ಶಾಸನವನ್ನೇ ಎತ್ತಿಹಿಡಿಯಿತು.

ಕಾಡಿನ ಲೆಕ್ಕವು ಕಾಡಿನಲ್ಲಿಯೇ ಉಳಿಯಿತು. ಹೊಳೆಯ ಲೆಕ್ಕವು ಮಾತ್ರ ಎಲ್ಲರ ಮೂಗಿಗೂ ತಿಳಿಯಿತು. ಚಾಲಿಯಾರ್ ಹೊಳೆಯ ನೀರು ಕಪ್ಪಾಯಿತು, ಮೀನು ಸತ್ತು ತೇಲಿತು. ಎದುರು ದಡದ ವಾಳಕ್ಕಾಡು ಪಂಚಾಯತಿಯ ಅಧ್ಯಕ್ಷರಾಗಿದ್ದ ಕೆ. ಎ. ರಹಮಾನರು ಹೋರಾಟಕ್ಕೆ ನಿಂತರು. ತ್ರಿಶೂರಿನ ರಾಮನಿಲಯದಲ್ಲಿ 1974ರಲ್ಲಿ ಮಾತುಕತೆ ನಡೆದು, ಹೊಲಸು ನೀರನ್ನು ಶುದ್ಧಿಗೊಳಿಸಿ ಕೊಳವೆಯ ಮೂಲಕ ಕೆಳಗಡೆಗೆ ಒಯ್ದು ಬಿಡುವುದಾಗಿ ಕಂಪನಿಯು ಒಪ್ಪಿಕೊಂಡಿತು. ಹೊಲಸನ್ನು ಕೆಳಗಿನ ಊರಿಗೆ ಸಾಗಿಸುವುದು ಶುದ್ಧಿಯ ಯಾವ ಪ್ರಕಾರವೋ ನಾವರಿಯೆವು. ಆ ಮಾತೂ ಸಕಾಲದಲ್ಲಿ ನಡೆಯದಿರಲು, 1979ರಲ್ಲಿ ಜನರು ಹೊಳೆಗೆ ಅಡ್ಡಲಾಗಿ ಕಟ್ಟಿದ್ದ ತಾತ್ಕಾಲಿಕ ಒಡ್ಡನ್ನು ಒಡೆದರು. 1985ರಲ್ಲಿ ಕಾರ್ಮಿಕ ವಿವಾದದಿಂದ ಕಾರಖಾನೆಯು ಮುಚ್ಚಿ, ಕೂಲಿಯಿಲ್ಲದೆ ಕಂಗೆಟ್ಟವರಲ್ಲಿ ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಅದು ಪುನಃ ತೆರೆದುದು 1988ರಲ್ಲಿ. ಕಾರ್ಮಿಕನ ಅನ್ನವೂ ದಡದವನ ನೀರೂ ಎದುರುಬದುರಾಗಿ ನಿಂತ ಆ ವರ್ಷಗಳಲ್ಲಿ ಯಾವ ಪಕ್ಷಕ್ಕೂ ಸುಲಭವಾದ ಉತ್ತರವಿರಲಿಲ್ಲ. ರಹಮಾನರು 1999ರ ಜನವರಿಯಲ್ಲಿ ಅರ್ಬುದ ರೋಗದಿಂದ ತೀರಿಕೊಂಡರು. ಅದೇ ವರ್ಷದಲ್ಲಿ ಉತ್ಪಾದನೆಯು ನಿಂತು, 2001ರಲ್ಲಿ ಕಾರಖಾನೆಯು ಶಾಶ್ವತವಾಗಿ ಮುಚ್ಚಿತು.

ಕನ್ನಡ ನಾಡಿನ ಕಡೆಗೆ ತಿರುಗುವ ಮುನ್ನ ದಾಂಡೇಲಿಯ ಬಿದಿರಿನ ಕಥೆಯನ್ನು ಹೇಳಲೇಬೇಕು. ಕಂಪನಿ ಬೇರೆಯಾದರೂ ಕಥೆ ಅದೇ. ಅಲ್ಲಿಯ ವೆಸ್ಟ್ ಕೋಸ್ಟ್ ಕಾಗದದ ಕಾರಖಾನೆಗೆ 1958ರ ಸುಮಾರಿಗೆ ಬಿದಿರು ದೊರೆತುದು ಟನ್ನಿಗೆ ಒಂದೂವರೆ ರೂಪಾಯಿಗೆ. ಉತ್ತರ ಕನ್ನಡದ ಕಾಡಿನಿಂದ ಎಂದೆಂದಿಗೂ ಬಿದಿರು ಒದಗುವುದೆಂಬ ಎಣಿಕೆಯು ಕಾಗದದ ಮೇಲಿದ್ದಿತು. ಎರಡು ದಶಕಗಳು ತುಂಬುವುದರೊಳಗೆ ಬಿದಿರು ತೀರುತ್ತ ಬಂದು, ದೂರದ ಪ್ರಾಂತಗಳಿಂದ ತರಿಸಬೇಕಾಯಿತು. ಬಿದಿರು ಸಿಗದ ಮೇದರು ಸರಕಾರಕ್ಕೆ ಮೊರೆಯಿಟ್ಟರು. ಹಳ್ಳಿಗರ ದನ ಮೇಯುವುದರಿಂದ ಬಿದಿರು ನಾಶವಾಯಿತೆಂದು ಕಾರಖಾನೆಯವರೂ ಅಧಿಕಾರಿಗಳೂ ಹೇಳಿದರು. ಆಗ ಅರ್ಥಮಂತ್ರಿಗಳಾಗಿದ್ದ ಎಂ. ವೈ. ಘೋರ್ಪಡೆಯವರ ಆಸಕ್ತಿಯಿಂದ, ಬೆಂಗಳೂರಿನ ವಿಜ್ಞಾನ ಮಂದಿರದ ಮಾಧವ ಗಾಡ್ಗೀಳರು 1975ರಲ್ಲಿ ಇದರ ಪರೀಕ್ಷೆಗೆ ಹೊರಟರು.

ಅವರು ಕಂಡುದು ಸ್ವಾರಸ್ಯಕರವಾಗಿದೆ. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ಮುಳ್ಳಿನ ರೆಂಬೆಗಳು ಹೆಣೆದುಕೊಂಡು ಬೇಲಿಯಂತಾಗುವುದನ್ನು ನಮ್ಮಲ್ಲಿ ಎಲ್ಲರೂ ಬಲ್ಲರು. ಮಳೆಗಾಲದಲ್ಲಿ ನೆಲದಿಂದೇಳುವ ಕಳಲೆಗೆ, ಎಂದರೆ ನಮ್ಮ ಕಡೆಯವರು ಕಣಿಲೆಯೆನ್ನುವ ಮೊಳಕೆಗೆ, ಆ ಮುಳ್ಳೇ ಕಾವಲು. ಅರಣ್ಯಶಾಸ್ತ್ರದ ಪ್ರಕಾರ ಮೆಳೆಯನ್ನು ಚೊಕ್ಕಟಗೊಳಿಸಿದರೆ ಬಿದಿರು ಚೆನ್ನಾಗಿ ಬೆಳೆಯಬೇಕು. ಅದರಂತೆ ಕಾರಖಾನೆಯ ಆಳುಗಳು ಮುಳ್ಳನ್ನು ಸವರಿಹಾಕಿದರು. ಬೇಲಿ ಹೋದ ಕಳಲೆಯನ್ನು ದನಗಳೂ ಮುಸುವಗಳೂ ಮುಳ್ಳುಹಂದಿಗಳೂ ತಿಂದು ತೀರಿಸಿದವು. ಇದನ್ನು ಊರಿನವರು ಮೊದಲೇ ಹೇಳಿದ್ದರು, ಕೇಳಿದವರಿಲ್ಲ. ಅಳತೆ ಮಾಡಿ ನೋಡಿದಾಗ ಊರಿನವರ ಮಾತೇ ಸರಿಯೆಂದು ಗೊತ್ತಾಯಿತು. ನಿರಂತರ ಇಳುವರಿಯ ಲೆಕ್ಕವನ್ನು ಬಿದಿರಿನ ಬುಡಕ್ಕೆ ಹೋಗಿ ನೋಡದೆ ಕಚೇರಿಯಲ್ಲಿ ಬರೆದರೆ ಏನಾಗುವುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ನಾವು ಬೇರೆಲ್ಲಿಯೂ ಕಂಡಿಲ್ಲ.

ಬಿದಿರು ತೀರಿದ ಮೇಲೆ ಕಾರಖಾನೆಗಳ ಕಣ್ಣು ನೀಲಗಿರಿ ಮರದ ಮೇಲೆ ಬಿದ್ದಿತು. ಆಸ್ಟ್ರೇಲಿಯದ ಈ ಮರವು ನೀಲಗಿರಿ ಬೆಟ್ಟಗಳಲ್ಲಿ ನೆಲೆಯೂರಿ ಅಲ್ಲಿಯ ಹೆಸರನ್ನೇ ಕನ್ನಡದಲ್ಲಿ ಪಡೆದುದು ವಾಚಕರಿಗೆ ತಿಳಿದೇ ಇದೆ. ದನವು ಮುಟ್ಟದು, ಬೇಗನೆ ಬೆಳೆಯುವುದು, ಕಡಿದರೆ ಮತ್ತೆ ಚಿಗುರುವುದು. ಕಾರಖಾನೆಗೆ ಇದು ಗುಣ, ದನಕರುಗಳಿದ್ದವನಿಗೆ ಇದೇ ಅವಗುಣ. ಕುಮಾರಪಟ್ಟಣಂನಲ್ಲಿ 1970ರ ದಶಕದಲ್ಲಿ ತಲೆಯೆತ್ತಿದ ಹರಿಹರ ಪಾಲಿಫೈಬರ್ಸ್ ಕಾರಖಾನೆಗೆ ಈ ಮರವು ಅಪಾರವಾಗಿ ಬೇಕಾಯಿತು. ಕಂಪನಿಯು ದೊಡ್ಡ ಪ್ರಮಾಣದಲ್ಲಿ ಭೂಮಿಯನ್ನು ಹೊಂದಲು ಕಾನೂನು ಅಡ್ಡಬರುತ್ತಿದ್ದುದರಿಂದ, 1984ರ ನವೆಂಬರ್ 14ರಂದು ಕರ್ನಾಟಕ ಸರಕಾರದೊಡನೆ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಜಂಟಿ ಕಂಪನಿಯು ಹುಟ್ಟಿತು. ಸರಕಾರದ ಪಾಲು ಶೇಕಡಾ 51, ಹರಿಹರದವರ ಪಾಲು 49. ನಾಲ್ಕು ಜಿಲ್ಲೆಗಳಲ್ಲಿ 30,000 ಹೆಕ್ಟೇರು, ಎಂದರೆ ಸುಮಾರು 75,000 ಎಕರೆ ಭೂಮಿಯನ್ನು 40 ವರ್ಷಗಳ ಗೇಣಿಗೆ ಕೊಡತಕ್ಕದ್ದೆಂದಾಯಿತು. ಗೇಣಿಯು ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಇಪ್ಪತ್ತಾರು ವರ್ಷಗಳ ಹಿಂದೆ ಟನ್ನು ಬಿದಿರಿಗೆ ಕಟ್ಟಿದ ಬೆಲೆಯೇ ಇಲ್ಲಿ ಎಕರೆ ನೆಲಕ್ಕೆ ಬಂದುದನ್ನು ಗಮನಿಸಬೇಕು. ಬೆಳೆದ ಮರದಲ್ಲಿ ಶೇಕಡಾ 87.5ರಷ್ಟು ನೇರವಾಗಿ ಕಾರಖಾನೆಗೆ. ಉಳಿದುದನ್ನೂ ಕೊಳ್ಳುವ ಅವಕಾಶ ಅದಕ್ಕೇ.

ಪಾಳುಬಿದ್ದ ನೆಲವು ಹಸಿರಾಗುವುದು, ಸಹಜ ಕಾಡಿನ ಮೇಲಿನ ಒತ್ತಡವು ತಗ್ಗುವುದು ಎಂಬುದು ಈ ಏರ್ಪಾಟಿನ ಪರವಾದ ವಾದ. ಇದು ಕೇಳಲು ಹಿತವಾದುದು. ಇಂದಿಗೂ ಅನೇಕ ದೇಶಗಳ ಕಂಪನಿಗಳು ಇದನ್ನೇ ಹೇಳುತ್ತವೆ. ಆದರೆ ದಾಖಲೆಯಲ್ಲಿ ಪಾಳು ಎನಿಸಿದ ನೆಲವು ಊರವರಿಗೆ ಪಾಳಾಗಿರಲಿಲ್ಲ. ನಮ್ಮ ಹಿರಿಯರಿಗೆ ಕುಮ್ಕಿಯೆಂದರೇನೆಂದು ವಿವರಿಸಬೇಕಾಗಿಲ್ಲ. ವರ್ಗದ ಮಗ್ಗುಲಿನ ಆ ಸರಕಾರಿ ನೆಲದಿಂದ ಸೊಪ್ಪು, ಸೌದೆ, ಹುಲ್ಲು ಬಾರದಿದ್ದರೆ ಅಡಕೆ ತೋಟವೂ ಇಲ್ಲ, ಗದ್ದೆಯೂ ಇಲ್ಲ. ಕುಮ್ಕಿಯು ಒಂದು ವರ್ಗಕ್ಕೆ ಅಂಟಿದುದು. ಅಂದಿನ ಧಾರವಾಡ ಜಿಲ್ಲೆಯ ಈ ನೆಲಗಳಾದರೋ ಊರಿಗೆ ಊರೇ ಬಳಸುತ್ತಿದ್ದವು. ಹೊಲವಿಲ್ಲದವನ ಆಡಿಗೂ ಅಲ್ಲಿ ಮೇವಿದ್ದಿತು.

ತುಂಗಭದ್ರೆಯ ನೀರು ಕೆಡುತ್ತಿರುವುದನ್ನು ವಿರೋಧಿಸುತ್ತಿದ್ದ ಸಮಾಜ ಪರಿವರ್ತನ ಸಮುದಾಯವು ಈ ವಿಷಯವನ್ನೂ ಕೈಗೆತ್ತಿಕೊಂಡಿತು. ಅಮೆರಿಕದ ಕೆಲಸವನ್ನು ಬಿಟ್ಟು ಬಂದ ಎಸ್. ಆರ್. ಹಿರೇಮಠರು ಅದರ ಮುಂದಾಳು. 1986ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಮೊದಲನೆಯ ಹೆಸರು ಕೋಟ ಶಿವರಾಮ ಕಾರಂತರದು. ಎಂಬತ್ತನ್ನು ದಾಟಿದ್ದ ಕಾರಂತರು, ನಮ್ಮ ಮನೆಗಳಿಗೆ ಅಷ್ಟು ಹತ್ತಿರದ ಪುತ್ತೂರಿನಲ್ಲಿ ದೀರ್ಘಕಾಲ ಬಾಳಿದವರು, ಎಲ್ಲಿಯೋ ಬಯಲುಸೀಮೆಯ ಮೇವಿನ ಭೂಮಿಗಾಗಿ ವಾದಿಯಾದುದು ನಮಗೆ ಹೆಮ್ಮೆಯ ಸಂಗತಿ. 1987ರ ಮಾರ್ಚಿನಲ್ಲಿ, ಇನ್ನು ಮುಂದೆ ಭೂಮಿಯನ್ನು ಕಂಪನಿಗೆ ವಹಿಸಕೂಡದೆಂದು ಕೋರ್ಟು ತಡೆಯಾಜ್ಞೆಯನ್ನು ಕೊಟ್ಟಿತು.

ಅರ್ಜಿಯು ದೆಹಲಿಯಲ್ಲಿದ್ದರೂ ಗಿಡಗಳು ಊರಿನಲ್ಲಿದ್ದವು. ಒಡಂಬಡಿಕೆಯಾಗಿ ಸರಿಯಾಗಿ ಮೂರು ವರ್ಷವಾದ ದಿನ, 1987ರ ನವೆಂಬರ್ 14ರಂದು, ಇಂದು ಹಾವೇರಿ ಜಿಲ್ಲೆಗೆ ಸೇರಿರುವ ಕುಸನೂರಿನಲ್ಲಿ ಸುಮಾರು 2,000 ಜನರು ಸೇರಿದರು. ಅಹಿಂಸೆಯ ಪ್ರತಿಜ್ಞೆ ಮಾಡಿ, ವಾದ್ಯ ಬಾರಿಸಿಕೊಂಡು ಹೋಗಿ, ನೂರರಷ್ಟು ನೀಲಗಿರಿ ಸಸಿಗಳನ್ನು ಕಿತ್ತರು. ಮೇವಿಗೂ ಸೌದೆಗೂ ಒದಗುವ ಗಿಡಗಳನ್ನು ನೆಟ್ಟರು. ಪೊಲೀಸರು ಅವರನ್ನು ಹಿಡಿದರು. ‘ಕಿತ್ತಿಕೊ ಹಚ್ಚಿಕೊ’ ಎಂಬ ಹೆಸರು ಈ ಸತ್ಯಾಗ್ರಹಕ್ಕೆ ಬಂದಿತು. ಉತ್ತರ ಕರ್ನಾಟಕದಲ್ಲಿ ಗಿಡ ಹಚ್ಚುವುದೆಂದರೆ ನೆಡುವುದು ಎಂದರ್ಥ. ನಮ್ಮ ಕಡೆಯ ಮಕ್ಕಳು ದೀಪವನ್ನು ನೆನೆದಾರು. ಬರಿದೆ ಕಿತ್ತು ಬಂದಿದ್ದರೆ ಅದು ಗಲಭೆ ಎನ್ನಿಸಿಕೊಳ್ಳುತ್ತಿದ್ದಿತು. ಹಚ್ಚಿದುದರಿಂದ ಊರಿಗೆ ಬೇಕಾದುದೇನೆಂಬುದೂ ಸರಕಾರಕ್ಕೆ ತಿಳಿಯಿತು.

ಇದಾದ ಮರುವರ್ಷವೇ ಬಂದ 1988ರ ರಾಷ್ಟ್ರೀಯ ಅರಣ್ಯನೀತಿಯು 1952ರ ನೀತಿಯನ್ನು ತಲೆಕೆಳಗು ಮಾಡಿತು. ಉದ್ಯಮಗಳಿಗೆ ಅಗ್ಗದ ಧಾರಣೆಯಲ್ಲಿ ಕಾಡಿನ ಹುಟ್ಟುವಳಿಯನ್ನು ಕೊಡುವ ಪದ್ಧತಿ ನಿಲ್ಲಬೇಕು, ಕಾರಖಾನೆಗಳು ಬೆಳೆಗಾರರೊಡನೆ ನೇರವಾಗಿ ಸಂಬಂಧವಿರಿಸಿಕೊಂಡು ಕಚ್ಚಾವಸ್ತುವನ್ನು ಪಡೆಯಬೇಕು ಎಂದು ಅದರಲ್ಲಿದೆ. ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಯು 1991ರಲ್ಲಿ ಮುಚ್ಚಲ್ಪಟ್ಟಿತು.

ಮೂಲ ಕಂಪನಿಯ ಕಥೆಯಾದರೋ ಮುಂದುವರಿಯಿತು. ಅದೇ ಬಿರ್ಲಾ ಸಮೂಹವು 1998ರಲ್ಲಿ ಕೆನಡಾದ ನ್ಯೂ ಬ್ರನ್ಸ್‌ವಿಕ್ ಪ್ರಾಂತದಲ್ಲಿಯೂ 2011ರಲ್ಲಿ ಸ್ವೀಡನ್ನಿನಲ್ಲಿಯೂ ತಿರುಳಿನ ಕಾರಖಾನೆಗಳನ್ನು ಕೊಂಡುಕೊಂಡಿತು. ರೇಯಾನ್ ಬಟ್ಟೆಗಾಗಿ ಪ್ರಾಚೀನ ಅರಣ್ಯಗಳು ಹೋಗುತ್ತಿವೆಯೆಂದು ಕೆನಡಾದ ಕ್ಯಾನೊಪಿ ಎಂಬ ಸಂಸ್ಥೆಯು 2013ರಿಂದ ಚಳವಳಿ ಹೂಡಲು, ದೊಡ್ಡ ಉಡುಪಿನ ವ್ಯಾಪಾರಿಗಳು ಅದಕ್ಕೆ ಓಗೊಟ್ಟರು. 2015ರಲ್ಲಿ ಬಿರ್ಲಾ ಸಮೂಹವು ಪ್ರಾಚೀನವೂ ಅಪಾಯದಲ್ಲಿರುವುದೂ ಆದ ಕಾಡುಗಳ ಮರವನ್ನು ಬಳಸುವುದಿಲ್ಲವೆಂದು ಮಾತು ಕೊಟ್ಟಿತು. 2019ರಲ್ಲಿ ಆ ಸಂಸ್ಥೆಯೇ ಪ್ರಪಂಚದ ನಾರಿನ ಕಂಪನಿಗಳಲ್ಲಿ ಅದಕ್ಕೆ ಮೊದಲ ಸ್ಥಾನವನ್ನಿತ್ತಿತು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಕೊಳ್ಳುವವನು ಕೇಳಿದಾಗ ಬಂದ ಈ ಮಾತಿಗೂ, ವಾಳಕ್ಕಾಡಿನವರೂ ಕುಸನೂರಿನವರೂ ಕೇಳಿದಾಗ ಬಂದ ಉತ್ತರಕ್ಕೂ ಇರುವ ಅಂತರವು ನಮ್ಮ ಗಮನಕ್ಕೆ ಬಾರದಿರದು. ಬಟ್ಟೆ ಕೊಳ್ಳುವವರ ಆಕ್ಷೇಪಣೆಗೆ ಎರಡೇ ವರ್ಷ ಸಾಕಾಯಿತು; ಚಾಲಿಯಾರ್ ದಡದವರದಕ್ಕೆ ಮೂರು ದಶಕಗಳೂ ಸಾಲಲಿಲ್ಲ.

ಸರಕಾರಗಳ ಮಾತೂ ಹಾಗೆಯೇ. ಹೊರಗಿನಿಂದ ಬಂದ ನೀಲಗಿರಿ, ಅಕೇಶಿಯ, ವ್ಯಾಟಲ್ ತೋಪುಗಳನ್ನು ತೆಗೆದು ಸಹಜ ಕಾಡನ್ನು ಮರಳಿ ಬೆಳೆಸುವುದಾಗಿ 2021ರಲ್ಲಿ ಕೇರಳ ಸರಕಾರವು ನೀತಿಯನ್ನು ಪ್ರಕಟಿಸಿತು. 2024ರ ಮೇ ತಿಂಗಳಲ್ಲಿ ಅದೇ ಸರಕಾರವು, ಹಣದ ಮುಗ್ಗಟ್ಟಿನಲ್ಲಿದ್ದ ಅರಣ್ಯ ಅಭಿವೃದ್ಧಿ ನಿಗಮಕ್ಕೆ ನೀಲಗಿರಿ ನೆಡಲು ಅನುಮತಿ ಕೊಟ್ಟಿತು. ಜನರು ಪ್ರತಿಭಟಿಸಿದರು. ಕೆಲವೇ ದಿನಗಳಲ್ಲಿ ಆಜ್ಞೆಯು ತಿದ್ದಲ್ಪಟ್ಟು, ಇದ್ದ ಮರಗಳನ್ನು ಕಡಿಯಬಹುದು, ಹೊಸದಾಗಿ ನೆಡಕೂಡದು ಎಂದಾಯಿತು.