ಚಿಕ್ಕಬೆಟ್ಟದ ಗಂತಿಯರು

ಕನ್ನಡದ ಮೊದಲ ಕವಯಿತ್ರಿ ಯಾರು ಅಂತ ಕ್ವಿಜ್‌ನಲ್ಲಿ ಕೇಳಿದ್ರೆ ನಾವೆಲ್ಲ ಥಟ್ ಅಂತ 'ಕಂತಿ' ಅಂತೀವಿ. ಎರಡು ಮಾರ್ಕ್ಸ್ ಬಂತು, ಮುಗೀತು. ಆದರೆ ಕಂತಿ ಅನ್ನೋದು ಒಬ್ಬರ ಹೆಸರಲ್ಲ. ಕಂತಿ ಅಥವಾ ಗಂತಿ ಅಂದ್ರೆ ಜೈನ ಸನ್ಯಾಸಿನಿ. ಇದು ನನಗೆ ಗೊತ್ತಾಗಿದ್ದು ಓದಿನಿಂದಲ್ಲ, ಚಿಕ್ಕಮ್ಮ ಕಾರಿನಲ್ಲಿ ಕೇಳಿದ ಒಂದು ಪ್ರಶ್ನೆಯಿಂದ.

ಹೋದ ಚಳಿಗಾಲದಲ್ಲಿ ನಾವು ನಾಲ್ಕು ಜನ ಸೇರಿ ಒಂದು ದಿನದ 'ಮಠ ದರ್ಶನ' ಟ್ರಿಪ್ ಬುಕ್ ಮಾಡಿದ್ವಿ. ಕಾರು, ಡ್ರೈವರ್, ಜೊತೆಗೊಬ್ಬ ಗೈಡ್. ಬೆಳಗ್ಗೆ ಆರಕ್ಕೆ ಹೊಸಕೆರೆಹಳ್ಳಿ ಕೆರೆ ಹತ್ರ ಹತ್ಕೊಂಡು ನೈಸ್ ರಸ್ತೆ, ನೆಲಮಂಗಲ, ಕುಣಿಗಲ್ ದಾಟಿ ಶ್ರವಣಬೆಳಗೊಳಕ್ಕೆ. ಸುಮಾರು 140 ಕಿಲೋಮೀಟರ್. ಈ ದಾರಿ ಒಂಥರಾ ಮಠಗಳದ್ದೇ ದಾರಿ. ಎಡೆಯೂರಲ್ಲಿ ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆ, ಬೆಳ್ಳೂರು ಕ್ರಾಸ್ ಹತ್ರ ಆದಿಚುಂಚನಗಿರಿ. ಹೊಸಕೆರೆಹಳ್ಳಿಯಲ್ಲಿರೋರಿಗೆ ಪಕ್ಕದ ಗಿರಿನಗರದಲ್ಲೇ ರಾಮಚಂದ್ರಾಪುರ ಮಠದ ಶಾಖೆ ಇದೆ. ಗೈಡ್ ಒಂದೊಂದಾಗಿ ಹೇಳ್ತಾ ಹೋದರು.

ಚಿಕ್ಕಮ್ಮ ರಿಟೈರ್ಡ್ ಮೇಷ್ಟ್ರು. ಅಷ್ಟೂ ಹೊತ್ತು ಸುಮ್ಮನಿದ್ದವರು ಹಿರೀಸಾವೆ ಹತ್ರ ಕೇಳಿದರು: "ಎಲ್ಲಾ ಸ್ವಾಮಿಗಳದ್ದೇ ಆಯ್ತು. ಹೆಂಗಸರ ಮಠ ಅಂತ ನಮ್ಮಲ್ಲಿ ಇರಲೇ ಇಲ್ವೇನೇ?"

ಗೈಡ್ ನಕ್ಕು, "ಅದಕ್ಕೇ ಕಾನ್ವೆಂಟ್ ಇದೆಯಲ್ಲ ಮೇಡಂ" ಅಂದರು.

ತಮಾಷೆಗೆ ಅಂದಿದ್ದು. ಆದ್ರೆ ನೋಡಿ, ಬೆಂಗಳೂರಲ್ಲಿ ಕಾನ್ವೆಂಟ್ ಅಂದ್ರೆ ಇಂಗ್ಲಿಷ್ ಮೀಡಿಯಂ ಸ್ಕೂಲು. ಸನ್ಯಾಸಿನಿಯರು ಒಟ್ಟಿಗಿರೋ ಮನೆ ಅನ್ನೋ ಅರ್ಥ ಯಾರಿಗೂ ನೆನಪಿಲ್ಲ. 1854ರಲ್ಲಿ ಗುಡ್ ಶೆಫರ್ಡ್ ಸಿಸ್ಟರ್‌ಗಳು ಬೆಂಗಳೂರಿಗೆ ಬಂದು ಕಾನ್ವೆಂಟ್ ಕಟ್ಟಿದರು, ಶಾಲೆ ನಡೆಸಿದರು, 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಶುರುಮಾಡಿದರು. ನಮಗೆ ಶಾಲೆ ಉಳೀತು, ಆಸ್ಪತ್ರೆ ಉಳೀತು, ಸನ್ಯಾಸಿನಿಯರು ಪದದಿಂದ ಜಾರಿಹೋದರು. ಗಂತಿ ಅನ್ನೋ ಪದಕ್ಕೂ ಹೀಗೇ ಆಗಿದೆ, ಇನ್ನೂ ಬಹಳ ಹಿಂದೆ.

ಬೆಳಗೊಳದಲ್ಲಿ ನಮ್ಮ ಪ್ಯಾಕೇಜ್ ಪ್ರಕಾರ ದೊಡ್ಡಬೆಟ್ಟ, ಅಂದ್ರೆ ವಿಂಧ್ಯಗಿರಿ, ಆಮೇಲೆ ಊರೊಳಗಿನ ಜೈನ ಮಠ, ಊಟ, ವಾಪಸ್. ದೊಡ್ಡಬೆಟ್ಟದ ಬಗ್ಗೆ ನಾನು ಹೆಚ್ಚು ಹೇಳಬೇಕಿಲ್ಲ. 58 ಅಡಿಯ ಗೊಮ್ಮಟ, 10ನೇ ಶತಮಾನದ ಕೊನೆ, ಗಂಗರ ಮಂತ್ರಿ ಚಾವುಂಡರಾಯ. ಎಲ್ಲರ ಫೋನಲ್ಲೂ ಫೋಟೋ ಇರುತ್ತೆ. ಮಠದ ಗೋಡೆ ಚಿತ್ರಗಳನ್ನ ಮಾತ್ರ ತಪ್ಪಿಸ್ಕೋಬೇಡಿ. ಅಲ್ಲಿ ಜೈನ ಕಥೆಗಳ ಜೊತೆಗೆ ಮುಮ್ಮಡಿ ಕೃಷ್ಣರಾಜ ಒಡೆಯರ ದಸರಾ ದರ್ಬಾರೂ ಇದೆ.

ಎದುರಿಗಿದ್ದ ಚಿಕ್ಕಬೆಟ್ಟಕ್ಕೆ ಹೋಗೋಣ ಅಂದ್ರೆ ಗೈಡ್, "ಅಲ್ಲೇನೂ ಇಲ್ಲ ಮೇಡಂ, ಬರೀ ಹಳೇ ಬಸದಿ, ಬಂಡೆ" ಅಂದರು. ಚಿಕ್ಕಮ್ಮ ಹಟ ಹಿಡಿದರು. ಹತ್ತಿದ್ವಿ.

ಆ 'ಬರೀ ಬಂಡೆ' ಇದೆಯಲ್ಲ, ಅದು ಕರ್ನಾಟಕದ ಅತಿ ದೊಡ್ಡ ಶಾಸನ ರಾಶಿಗಳಲ್ಲೊಂದು. ಬಿ.ಎಲ್. ರೈಸ್ 1889ರಲ್ಲಿ ಇಲ್ಲಿನ 144 ಶಾಸನಗಳನ್ನ ಪ್ರಕಟಿಸಿದರು. 1923ರಲ್ಲಿ ಆರ್. ನರಸಿಂಹಾಚಾರ್ ಅದನ್ನ ಪರಿಷ್ಕರಿಸಿದಾಗ ಸಂಖ್ಯೆ 500. ತುಂಬಾ ಹಳೆಯವು ಇರೋದು ಚಿಕ್ಕಬೆಟ್ಟದ ಮೇಲೇ. ಬೆಟ್ಟದ ಹಳೇ ಹೆಸರು ಕಟವಪ್ರ, ಕನ್ನಡದಲ್ಲಿ ಕಳ್ಬಪ್ಪು. ಪಾರ್ಶ್ವನಾಥ ಬಸದಿ ಹತ್ತಿರದ ಸುಮಾರು ಕ್ರಿ.ಶ. 600ರ ಶಾಸನ, ಭದ್ರಬಾಹು ಹನ್ನೆರಡು ವರ್ಷದ ಬರಗಾಲ ಬರುತ್ತೆ ಅಂತ ಹೇಳಿದ್ದನ್ನೂ, ಜೈನ ಸಂಘ ಉತ್ತರದಿಂದ ದಕ್ಷಿಣಕ್ಕೆ ಹೊರಟಿದ್ದನ್ನೂ ಹೇಳುತ್ತೆ. ಕಾಲಕ್ರಮದಲ್ಲಿ 700 ಋಷಿಗಳು ಇಲ್ಲಿ ಸಮಾಧಿ ಹೊಂದಿದರು ಅಂತಲೂ ಹೇಳುತ್ತೆ.

ಅದರ ಸುತ್ತಮುತ್ತ, ಬಂಡೆ ಮೇಲೆ ಎರಡು ಸಾಲು, ಮೂರು ಸಾಲಿನ ಪುಟ್ಟ ಪುಟ್ಟ ಬರಹಗಳಿವೆ. ನಾನು ರೈಸ್ ಸಂಪುಟದ ಪಿಡಿಎಫ್ ಫೋನಿಗೆ ಹಾಕ್ಕೊಂಡಿದ್ದೆ. ಬಿಸಿಲಿಗೆ ಸ್ಕ್ರೀನ್ ಕಾಣ್ತಿರಲಿಲ್ಲ, ಕೆಳಗೆ ಬಂಡೆ ಕಾಲು ಸುಡ್ತಿತ್ತು. ಹಾಗೇ ಒಂದೊಂದು ಹೆಸರು ಓದ್ತಾ ಹೋದೆ. ನಾಗಮತಿ ಗಂತಿಯರು. ಸಸಿಮತಿ ಗಂತಿಯರು. ನವಿಲೂರ ಸಂಘದ ಅನಂತಮತಿ ಗಂತಿಯರು. ಮಯೂರಗ್ರಾಮ ಸಂಘದ ದಮಿತಾಮತಿ. ಮಯೂರಗ್ರಾಮ ಅಂದ್ರೂ ನವಿಲೂರೇ, ಸಂಸ್ಕೃತದಲ್ಲಿ ಬರೆದಿದ್ದಾರೆ ಅಷ್ಟೇ. ಅಕ್ಷರದ ರೂಪ ನೋಡಿ ವಿದ್ವಾಂಸರು ಇವನ್ನ ಕ್ರಿ.ಶ. 700ರ ಆಸುಪಾಸಿನವು ಅಂತಾರೆ. ಪಂಪನಿಗಿಂತ ಇನ್ನೂರು ವರ್ಷ ಹಿಂದಿನ ಹೆಂಗಸರು!

ನಾಗಮತಿಯವರ ವಿಷಯ ಕೇಳಿ. ಚಿತ್ತೂರಿನ ಮೌನಿಗುರವರ ಶಿಷ್ಯೆ. ಮೂರು ತಿಂಗಳು ವ್ರತ ಹಿಡಿದು ಪ್ರಾಣ ಬಿಟ್ಟರು. ಅಷ್ಟೇ ಶಾಸನ. ಇದು ಸಲ್ಲೇಖನ: ಗುರುವಿನ ಅಪ್ಪಣೆ ಪಡೆದು ಆಹಾರವನ್ನ ಹಂತಹಂತವಾಗಿ ಬಿಡೋದು.

"ಮೂರು ತಿಂಗಳಾ?" ಅಂದರು ಚಿಕ್ಕಮ್ಮ. ಸ್ವಲ್ಪ ಹೊತ್ತು ಅಲ್ಲೇ ಕೂತುಬಿಟ್ಟರು.

ಈ ಕಸಿವಿಸಿ ನಮ್ಮದೊಂದೇ ಅಲ್ಲ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಈ ಆಚರಣೆ ಕಾನೂನುಬಾಹಿರ ಅಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಡ್ತು. ಎಸ್. ಶೆಟ್ಟರ್ 'ಸಾವಿಗೆ ಆಹ್ವಾನ' ಪುಸ್ತಕ ಬರೆದಿದ್ದು ಇದೇ ಬೆಟ್ಟವನ್ನ ಇಟ್ಕೊಂಡು. ನನಗೆ ಇದನ್ನ ರಮ್ಯವಾಗಿ ಹೇಳೋಕೆ ಇಷ್ಟವಿಲ್ಲ. ನಾಗಮತಿಯವರ ಮನಸ್ಸಲ್ಲಿ ಏನಿತ್ತು ಅಂತ ಕಲ್ಲು ಹೇಳಲ್ಲ. ಬರೆಸಿದವರು ಉಳಿದವರು.

ಆದರೆ ಹೇಗೆ ಬರೆಸಿದರು ಅನ್ನೋದು ಕಣ್ಣಿಗೆ ಕಾಣುತ್ತೆ. ಪಕ್ಕದ ಬಂಡೆಯಲ್ಲಿ ಒಬ್ಬ ಮುನಿಯ ಶಾಸನ: ಊರು, ಗುರು, ಹೆಸರು, ಕೊನೆಗೆ 'ಮುಡಿಪಿದರ್'. ಅಂದ್ರೆ ಕೊನೆಗಂಡರು. ಗಂತಿಯರದ್ದೂ ಅದೇ: ಊರು, ಗುರು, ಹೆಸರು, 'ಮುಡಿಪಿದರ್'. ಗೌರವಕ್ಕೆ ಬಹುವಚನ ಹಚ್ಚಿದ್ರೆ ಕನ್ನಡದಲ್ಲಿ ಕ್ರಿಯಾಪದಕ್ಕೆ ಗಂಡು ಹೆಣ್ಣು ಅನ್ನೋ ಭೇದ ಇರಲ್ಲ. ಹೆಸರಿನ ಭಾಗ ಬೆರಳಿಂದ ಮುಚ್ಚಿದ್ರೆ ಯಾರದ್ದು ಅಂತ ಗೊತ್ತಾಗೋದೇ ಇಲ್ಲ.

ಇದು ಸಣ್ಣ ವಿಷಯ ಅಲ್ಲ. ಯಾಕಂದ್ರೆ ದಿಗಂಬರ ಸಿದ್ಧಾಂತದಲ್ಲಿ ಹೆಣ್ಣು ಜನ್ಮದಲ್ಲಿ ಮೋಕ್ಷ ಇಲ್ಲ. ಮೋಕ್ಷಕ್ಕೆ ಬಟ್ಟೆಯನ್ನೂ ಬಿಡಬೇಕು, ಹೆಂಗಸರಿಗೆ ಅದಕ್ಕೆ ಅವಕಾಶವಿಲ್ಲ, ಹಾಗಾಗಿ ಗಂಡಾಗಿ ಹುಟ್ಟಿ ಬರಬೇಕು ಅನ್ನೋ ವಾದ. ಶ್ವೇತಾಂಬರರು ಒಪ್ಪಲ್ಲ. ಕರ್ನಾಟಕದಲ್ಲೇ ಬೆಳೆದು ಆಮೇಲೆ ಮರೆಯಾದ ಯಾಪನೀಯ ಪಂಥದವರೂ ಒಪ್ಪಲಿಲ್ಲ. 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ವ್ಯಾಕರಣಕಾರ ಶಾಕಟಾಯನ ಹೆಣ್ಣಿಗೂ ನಿರ್ವಾಣ ಉಂಟು ಅಂತ ಸಾಧಿಸೋಕೇ ಒಂದು ಕೃತಿ ಬರೆದ, 'ಸ್ತ್ರೀನಿರ್ವಾಣ ಪ್ರಕರಣ' ಅಂತ. ಪಂಡಿತರು ಹೀಗೆ ಜಗಳ ಆಡ್ತಿದ್ದ ಕಾಲಕ್ಕೂ ಮೊದಲೇ ಚಿಕ್ಕಬೆಟ್ಟದ ಬಂಡೆ ಗಂತಿಯರಿಗೂ ಮುನಿಗಳಿಗೂ ಒಂದೇ ಪದ ಬಳಸಿತ್ತು.

ಹಾಗಾದ್ರೆ ಅವರ ಮಠ ಎಲ್ಲಿ? ಕಟ್ಟಡ ಹುಡುಕೋದೇ ತಪ್ಪು. ಜೈನ ಸನ್ಯಾಸಿಗಳು ಮಳೆಗಾಲದ ನಾಲ್ಕು ತಿಂಗಳು ಮಾತ್ರ ಒಂದು ಕಡೆ ನಿಲ್ಲೋರು, ಉಳಿದ ಕಾಲ ನಡೆಯೋರು. ಮನೆ ಬೇಡ ಅಂತಲೇ ಹೊರಟವರು. ನವಿಲೂರ ಸಂಘ ಅಂದ್ರೆ ಗೋಡೆಯಲ್ಲ, ಜನ. ಇವತ್ತಿಗೂ ಬಿಳಿ ಸೀರೆ ಉಟ್ಟು, ನವಿಲುಗರಿಯ ಪಿಂಛಿ ಹಿಡಿದ ಮಾತಾಜಿಯರು ಬರಿಗಾಲಲ್ಲಿ ನಡೀತಾರೆ. ವಿಲಿಯಂ ಡಾಲ್ರಿಂಪಲ್ ಅವರ 2009ರ 'ನೈನ್ ಲೈವ್ಸ್' ಪುಸ್ತಕ ಶುರುವಾಗೋದೇ ಬೆಳಗೊಳದಲ್ಲಿ ಸಿಕ್ಕ ಅಂಥ ಒಬ್ಬರಿಂದ. ಇಂಗ್ಲಿಷ್ ಓದುಗರಿಗೆ ಅವರು ಗೊತ್ತು. ನಾಗಮತಿಯವರು ನಮಗೇ ಗೊತ್ತಿಲ್ಲ.

ಶ್ರೀಮಂತ ಹೆಂಗಸರು ಮಾತ್ರ ಕಟ್ಟಡ ಬಿಟ್ಟುಹೋದರು. ಅದೇ ಬೆಟ್ಟದ ಸವತಿಗಂಧವಾರಣ ಬಸದಿ 1123ರಲ್ಲಿ ಹೊಯ್ಸಳ ರಾಣಿ ಶಾಂತಲೆ ಕಟ್ಟಿಸಿದ್ದು. ಊರೊಳಗಿನ ಅಕ್ಕನ ಬಸದಿ 1181ರದ್ದು, ಶೈವ ಮಂತ್ರಿ ಚಂದ್ರಮೌಳಿಯ ಜೈನ ಹೆಂಡತಿ ಆಚಿಯಕ್ಕ ಕಟ್ಟಿಸಿದ್ದು. ಇವು ಗೈಡ್‌ಗೆ ಬಾಯಿಪಾಠ.

ಇಳಿಯುವಾಗ ಗೈಡ್ ನನ್ನ ಫೋನಿಂದ ಆ ಹೆಸರುಗಳ ಸ್ಕ್ರೀನ್‌ಶಾಟ್ ತಗೊಂಡರು. ಮುಂದಿನ ಬ್ಯಾಚಿಗೆ ತೋರಿಸ್ತಾರಾ, ನೋಡೋಣ.

ನೀವು ಹೋಗೋದಾದ್ರೆ ಚಿಕ್ಕಬೆಟ್ಟವನ್ನ ಮೊದಲು ಹತ್ತಿ, ಬಂಡೆ ಕಾಯೋ ಮುಂಚೆ. ಬೆಳಗಿನ ಓರೆ ಬಿಸಿಲಲ್ಲಿ ಅಕ್ಷರದ ಗೀರು ಚೆನ್ನಾಗಿ ಕಾಣುತ್ತೆ. ಕಾಲಿಟ್ಟ ಕಡೆ ಬರಹ ಇದೆಯಾ ಅಂತ ನೋಡ್ಕೊಂಡು ನಡೀರಿ. ಮುಂದಿನ ವಾರ ಶಿವಗಂಗೆಗೆ ಹೋಗೋಣ, 1131ರಲ್ಲಿ ಶಾಂತಲೆ ತೀರಿಕೊಂಡ ಜಾಗಕ್ಕೆ.