ಕೋರಿ ರೊಟ್ಟಿ ಮತ್ತು ಒಳ್ಳೆಮೆಣಸು

ಕಾಸರಗೋಡು, ಮಂಜೇಶ್ವರ ಕಡೆಯವರಿಗೆ ಕೋರಿ ರೊಟ್ಟಿಯ ಪರಿಚಯ ಬೇಕಾಗಿಲ್ಲ. ದೂರದ ಓದುಗರಿಗಾಗಿ ಹೇಳುವುದಾದರೆ, ತುಳುವಿನಲ್ಲಿ ಕೋರಿ ಎಂದರೆ ಕೋಳಿ. ಗರಿಗರಿಯಾದ ಅಕ್ಕಿ ರೊಟ್ಟಿಯನ್ನು ತಟ್ಟೆಯಲ್ಲಿ ಮುರಿದು ಹಾಕಿ, ಮೇಲೆ ಬಿಸಿ ಕೋಳಿ ಸಾರು ಸುರಿದು, ಅರ್ಧ ನೆನೆದು ಅರ್ಧ ಗರಿಯಾಗಿರುವಾಗಲೇ ತಿನ್ನಬೇಕು. ಮಕ್ಕಳು ಶಾಲೆಯಿಂದ, ದೊಡ್ಡವರು ಕೆಲಸದಿಂದ ದಣಿದು ಬಂದ ದಿನ ಮುಕ್ಕಾಲು ಗಂಟೆಯಲ್ಲಿ ಆಗುವ ರಾತ್ರಿಯೂಟ ಇದು.

ಆದರೆ ಈ 'ಬೇಗ' ಎಂಬುದು ತೀರಾ ಈಚಿನದು. ಹಿಂದೆ ಕುಚ್ಚಲಕ್ಕಿಯನ್ನು ನೆನೆಸಿ, ಕಡೆಯುವ ಕಲ್ಲಿನಲ್ಲಿ ನುಣ್ಣಗೆ ಕಡೆದು, ಕಾದ ಕಾವಲಿಯ ಮೇಲೆ ಕಾಗದದಷ್ಟು ತೆಳ್ಳಗೆ ಹರಡಿ, ನೀರಿನ ಅಂಶ ಹೋಗುವ ತನಕ ಒಣಗಿಸಬೇಕಿತ್ತು. ನೀರು ಹೋದದ್ದರಿಂದಲೇ ಅದು ಡಬ್ಬಿಯಲ್ಲಿ ವಾರಗಟ್ಟಲೆ ಕೆಡದೆ ಉಳಿಯುವುದು. ಈಗ ಅಂಗಡಿಯಿಂದ ಪ್ಯಾಕೆಟ್ ತಂದರಾಯಿತು. ಕೋಳಿಯೂ ಹಾಗೆಯೇ. ಊರ ಕೋಳಿ ಬೆಳೆಯಲು ಐದಾರು ತಿಂಗಳು ಬೇಕು, ಬೇಯಲು ಒಂದು ಗಂಟೆಯಾದರೂ ಬೇಕು. ಅದು ನೆಂಟರು ಬಂದಾಗಿನ, ಹಬ್ಬದ ಮಾರನೆಯ ದಿನದ ಅಡಿಗೆ. 1970ರ ದಶಕದ ನಂತರ ದೇಶದಲ್ಲಿ ಬ್ರಾಯ್ಲರ್ ಸಾಕಣೆ ಹಬ್ಬಿದ ಮೇಲೆಯೇ ಕೋಳಿ ವಾರದ ನಡುವಿನ ಊಟಕ್ಕೆ ಇಳಿದದ್ದು. (ರುಚಿಯಲ್ಲಿ ಊರ ಕೋಳಿಯೇ ಮೇಲು, ಈ ವಿಷಯದಲ್ಲಿ ನಾವು ರಾಜಿ ಮಾಡಿಕೊಳ್ಳುವವರಲ್ಲ!)

ಇನ್ನು ಸಾರಿನ ಕೆಂಪು. ಇದರ ಚರಿತ್ರೆ ಎಲ್ಲಕ್ಕಿಂತ ಸ್ವಾರಸ್ಯದ್ದು. 1498ರಲ್ಲಿ ವಾಸ್ಕೋ ಡ ಗಾಮ ಕೋಝಿಕ್ಕೋಡಿನ ಕರಾವಳಿಗೆ ಬಂದಾಗ ನಮ್ಮ ನಾಡಿನಲ್ಲಿ ಮೆಣಸಿನಕಾಯಿ ಇರಲಿಲ್ಲ. 'ಮೆಣಸು' ಎಂದರೆ ಬಳ್ಳಿಯಲ್ಲಿ ಬೆಳೆಯುವ ಕಾಳು. ಪೋರ್ಚುಗೀಸರು ಹುಡುಕಿಕೊಂಡು ಬಂದದ್ದೂ ಅದನ್ನೇ. ಕೊಂಡೊಯ್ಯಲು ಬಂದವರು 16ನೇ ಶತಮಾನದಲ್ಲಿ ಅಮೆರಿಕ ಖಂಡದ ಮೆಣಸಿನಕಾಯಿಯನ್ನು ಇಲ್ಲಿ ತಂದು ಬಿಟ್ಟರು. ಹೊಸಬ ಎಷ್ಟು ಬೇಗ ಅಡಿಗೆಮನೆ ಸೇರಿದನೆಂದರೆ ಹಳಬನ ಹೆಸರನ್ನೇ ಕಿತ್ತುಕೊಂಡ. ಆಗ ಹಳಬನಿಗೆ ಒಂದು ವಿಶೇಷಣ ಬೇಕಾಯಿತು. ನಮ್ಮ ಕನ್ನಡದಲ್ಲಿ ಒಳ್ಳೆಮೆಣಸು. ತುಳುವಿನಲ್ಲಿ ಮುಂಚಿ ಎಂದರೆ ಮೆಣಸಿನಕಾಯಿ, ಎಡ್ಡೆಮುಂಚಿ ಎಂದರೆ ಕಾಳುಮೆಣಸು. ಮಲಯಾಳದಲ್ಲಿ ನಲ್ಲಮುಳಗ್. ಎಡ್ಡೆ, ನಲ್ಲ, ಒಳ್ಳೆ - ಮೂರಕ್ಕೂ ಅರ್ಥ ಒಂದೇ ನೋಡಿ! ಒಂದೇ ಬೀದಿಯಲ್ಲಿ ಮಾತಾಡುವ ಮೂರು ಭಾಷೆಗಳು ಒಂದೇ ಮಾತನ್ನು ಹೇಳಿವೆ.

1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು, 1984ರಲ್ಲಿ ಜಿಲ್ಲೆಯಾಯಿತು. ಗಡಿ ಎಳೆದವರು ಯಾರ ಅಡಿಗೆಮನೆಯನ್ನೂ ನೋಡಿ ಎಳೆದವರಲ್ಲ. ಈಗಲೂ ನಮ್ಮ ಪೇಟೆಯ ಒಂದೇ ಬೀದಿಯಲ್ಲಿ ಕೋರಿ ರೊಟ್ಟಿಯೂ ಇದೆ, ಮಾಪಿಳ್ಳೆಯವರ ಮೆತ್ತನೆಯ ಪತ್ತಿರಿಯೂ ಇದೆ. ನಮ್ಮ ಚಿಂತೆ ಬೇರೆ. ತರಗತಿಯಲ್ಲಿ ಮಕ್ಕಳು ಈಗ 'ಪೆಪ್ಪರ್' ಎನ್ನುತ್ತಾರೆ, ಯಾಕೆಂದರೆ ಪ್ಯಾಕೆಟ್ಟಿನ ಮೇಲೆ ಹಾಗಿದೆ. ಒಳ್ಳೆಮೆಣಸು ಎಂಬ ಮಾತು ಹೋದರೆ, ಪಾಠಪುಸ್ತಕದಲ್ಲಿಲ್ಲದ ಐನೂರು ವರ್ಷದ ಒಂದು ಪಾಠವೂ ಅದರ ಜೊತೆ ಹೋಗುತ್ತದೆ. ಆದ್ದರಿಂದ ಸಾರಿಗೆ ಹುರಿಯುವಾಗ ಮಕ್ಕಳನ್ನು ಹತ್ತಿರ ನಿಲ್ಲಿಸಿಕೊಳ್ಳಿ, ಪ್ರತಿಯೊಂದರ ಹೆಸರು ಕೇಳಿ.

ನಾಲ್ಕು ಜನರಿಗೆ ಒಂದು ಕಿಲೋ ಕೋಳಿ ಸಾಕು. ಹತ್ತು ಹನ್ನೆರಡು ಬ್ಯಾಡಗಿ ಮೆಣಸು (ಇದು ಖಾರಕ್ಕಿಂತ ಬಣ್ಣಕ್ಕೆ), ಎರಡು ಚಮಚ ಕೊತ್ತಂಬರಿ, ಒಂದು ಚಮಚ ಜೀರಿಗೆ, ಅಷ್ಟೇ ಒಳ್ಳೆಮೆಣಸು, ಚಿಟಿಕೆ ಮೆಂತೆ ಬೇರೆ ಬೇರೆಯಾಗಿ ಹುರಿಯಿರಿ. ಅರ್ಧ ಹಿಡಿ ಕಾಯಿತುರಿ, ಐದಾರು ಎಸಳು ಬೆಳ್ಳುಳ್ಳಿ, ಸ್ವಲ್ಪ ಹುಣಸೆಹುಳಿ ಸೇರಿಸಿ ನುಣ್ಣಗೆ ಅರೆಯಿರಿ. ನೀರುಳ್ಳಿ ಬಾಡಿಸಿ, ಕೋಳಿ, ಅರಿಶಿನ, ಉಪ್ಪು ಹಾಕಿ ಬೇಯಿಸಿ. ಬ್ರಾಯ್ಲರ್ ಆದರೆ ಇಪ್ಪತ್ತು ನಿಮಿಷ. ಮಸಾಲೆ ಹಾಕಿ ಚೆನ್ನಾಗಿ ಕುದಿಸಿ, ಕೊನೆಗೆ ಅರ್ಧ ತೆಂಗಿನಕಾಯಿಯ ಹಾಲು ಸೇರಿಸಿ, ಕುದಿ ಏಳುವ ಮೊದಲೇ ಇಳಿಸಿ. ಸಾರು ತುಸು ತೆಳ್ಳಗೇ ಇರಲಿ, ರೊಟ್ಟಿ ಬಹಳ ಹೀರುತ್ತದೆ.